ಉಸಿರು ಎಣಿಸೋಕೆ ಹತ್ತಿರ ಕೂರಬೇಕು



ಮಗುವಿಗೆ ಕೆಮ್ಮು. ಬರೀ ನೆಗಡಿಯೋ, ನ್ಯುಮೋನಿಯಾನೋ? ಮೊದಲ ಪರೀಕ್ಷೆಗೆ ದೊಡ್ಡ ಮೆಷಿನ್ ಬೇಡ. ಅಂಗಿ ಮೇಲೆತ್ತಿ, ಎದೆ ಏರಿ ಇಳಿಯೋದನ್ನ ಗಡಿಯಾರ ನೋಡ್ಕೊಂಡು ಪೂರ್ತಿ ಒಂದು ನಿಮಿಷ ಎಣಿಸಬೇಕು. 2 ತಿಂಗಳಿಂದ 1 ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು, ಅಲ್ಲಿಂದ 5 ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ ತಡ ಮಾಡುವಂತಿಲ್ಲ. ಎದೆಯ ಕೆಳಭಾಗ ಒಳಗೆ ಸೆಳೀತಿದ್ದರೆ, ಮಗು ಹಾಲು ಕುಡೀತಿಲ್ಲ ಅಂದರೆ ನೇರ ಆಸ್ಪತ್ರೆಗೆ.

ಇದನ್ನ ನನಗೆ ಹೇಳಿಕೊಟ್ಟವಳು ನನ್ನ ಚಿಕ್ಕಮ್ಮನ ಮಗಳು. ಅವಳೂರಲ್ಲಿ ಆಶಾ ಕಾರ್ಯಕರ್ತೆ. ಭೇದಿ ಆದ ಮಗುವಿಗೆ ಓಆರ್‌ಎಸ್ ಕಲಸೋದು, 14 ದಿನ ಜಿಂಕ್ ಮಾತ್ರೆ ಕೊಡಿಸೋದು, ಭೇದಿ ನಿಂತರೂ ಮಾತ್ರೆ ನಿಲ್ಲಿಸಬೇಡಿ ಅಂತ ತಾಯಂದಿರಿಗೆ ಮತ್ತೆ ಮತ್ತೆ ಹೇಳೋದು ಅವಳ ದಿನದ ಕೆಲಸ.

ಕೇರಿಯಲ್ಲಿ ತಾಯಂದಿರು ಕೂಸನ್ನ ಅವಳ ಮಡಿಲಿಗೇ ಹಾಕ್ತಾರೆ. ಊರೊಳಗಿನ ಕೆಲವು ಮನೆಗಳಲ್ಲಿ ಮಾತ್ರ, "ಅಲ್ಲೇ ನಿಂತ್ಕೊಂಡು ಹೇಳಮ್ಮ" ಅಂತಾರಂತೆ. ಅವಳು ಒಂದಿನ ಹೇಳಿದ್ಲು: "ಅಣ್ಣಾ, ಓಆರ್‌ಎಸ್ ಪಾಕೀಟು ಜಗಲಿ ಮೇಲಿಟ್ಟು ಬರಬಹುದು. ಉಸಿರನ್ನ ಜಗಲಿಯಿಂದ ಎಣಿಸೋಕಾಗುತ್ತಾ?"

ಈ ಪ್ರಶ್ನೆ ನನ್ನನ್ನ ಬಿಡ್ತಿಲ್ಲ. ಕೇರಿಯ ಹೆಣ್ಣುಮಗಳನ್ನ ಹೊಸ್ತಿಲಾಚೆ ನಿಲ್ಲಿಸಿದರೆ ಅವರದೇ ಮಗುವಿನ ಕಾಯಿಲೆ ಗೊತ್ತಾಗಲ್ಲ. ಊರಿನ ಕಾರ್ಯಕರ್ತೆ ಕೇರಿಗೆ ಕಾಲಿಡದೆ ಬಾಯಲ್ಲೇ ಕೇಳಿ ರಿಜಿಸ್ಟರ್ ತುಂಬಿದರೆ ನಮ್ಮ ಮಗುವಿನದು ಗೊತ್ತಾಗಲ್ಲ. ಜಾತಿ ಅನ್ನೋದು ಬರೀ ಸಾಮಾಜಿಕ ಪ್ರಶ್ನೆ ಅನ್ನೋರಿಗೆ ಹೇಳ್ತೀನಿ, ಇದು ವೈದ್ಯಕೀಯದ ಪ್ರಶ್ನೆಯೂ ಹೌದು.

ಹಳ್ಳಿ ಹೆಣ್ಣುಮಕ್ಕಳ ಕೈಲಿ ಇದೆಲ್ಲ ಆಗುತ್ತಾ ಅಂತ ಮೂಗು ಮುರಿಯೋರಿಗೆ ಗಡ್ಚಿರೋಲಿ ಉತ್ತರ ಕೊಟ್ಟಾಗಿದೆ. ಮಹಾರಾಷ್ಟ್ರದ ಆ ಜಿಲ್ಲೆಯ 39 ಹಳ್ಳಿಗಳಲ್ಲಿ ಅಭಯ್ ಬಂಗ್, ರಾಣಿ ಬಂಗ್ ಅವರ ‘ಸರ್ಚ್’ ಸಂಸ್ಥೆ ಅಲ್ಲಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟಿತು. ಅವರು ಮನೆಮನೆಗೆ ಹೋಗಿ ನವಜಾತ ಶಿಶುಗಳನ್ನ ನೋಡಿಕೊಂಡರು, ನಂಜೇರಿದ ಕೂಸಿಗೆ ಇಂಜೆಕ್ಷನ್ನೂ ಕೊಟ್ಟರು. ಹಾಗೆ ಮಾಡದ ಹಳ್ಳಿಗಳಿಗೆ ಹೋಲಿಸಿದರೆ ನವಜಾತ ಶಿಶುಗಳ ಸಾವು ಸುಮಾರು 62% ಇಳೀತು. 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನ ಪ್ರಕಟಿಸಿತು.

ಇನ್ನು ಇಥಿಯೋಪಿಯಾ ನೋಡಿ. ನಮಗಿಂತ ಬಡ ದೇಶ. ಅಲ್ಲಿ 30,000ಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ತಲಾ ಒಂದು ವರ್ಷ ತರಬೇತಿ ಕೊಟ್ಟು, ಹಳ್ಳಿಯ ಆರೋಗ್ಯ ಪೋಸ್ಟ್‌ಗಳಿಗೆ ನೇಮಿಸಿದರು. ಮಕ್ಕಳ ಭೇದಿ, ಮಲೇರಿಯಾ, ನ್ಯುಮೋನಿಯಾಗೆ ಅವರೇ ಔಷಧಿ ಕೊಡ್ತಾರೆ. ಮತ್ತು ಅವರು ಸರ್ಕಾರದ ಸಂಬಳ ತಗೊಳ್ಳೋ ನೌಕರರು.

ನಮ್ಮಲ್ಲಿ? 2005ರಲ್ಲಿ ಯೋಜನೆ ಶುರುವಾದಾಗಿಂದ ಆಶಾ ‘ಸ್ವಯಂಸೇವಕಿ’. ಇಷ್ಟು ಕೆಲಸಕ್ಕೆ ಇಷ್ಟು ಪ್ರೋತ್ಸಾಹಧನ, ಮೇಲಷ್ಟು ಗೌರವಧನ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರಿಗೆ ಪ್ರಶಸ್ತಿ ಕೊಟ್ಟಾಗ ಎಲ್ಲ ನಾಯಕರೂ ಅಭಿನಂದಿಸಿದರು. 2025ರ ಜನವರಿಯಲ್ಲಿ ಅದೇ ಹೆಣ್ಣುಮಕ್ಕಳು ತಿಂಗಳಿಗೆ 15,000 ರೂಪಾಯಿ ಕೊಡಿ ಅಂತ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂರಬೇಕಾಯ್ತು. 10,000ದ ಭರವಸೆ ತಗೊಂಡು ಎದ್ದರು.

ನಾನು ಗುಮಾಸ್ತ. ಒಂದು ಫೈಲು ಎರಡು ದಿನ ತಡವಾದರೂ ನನ್ನ ಸಂಬಳ ನಿಲ್ಲಲ್ಲ. ಅವಳು ಎರಡು ದಿನ ತಡ ಮಾಡಿದರೆ ಒಂದು ಜೀವ ಹೋಗಬಹುದು. ಆದರೂ ನನ್ನದು ನೌಕರಿ, ಅವಳದು ‘ಸೇವೆ’. ಸೇವೆ ಅನ್ನೋ ಪದದ ಅರ್ಥ ನಮ್ಮ ಜನಕ್ಕೆ ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮ ಅಜ್ಜ ಅಜ್ಜಿ ಮಾಡಿದ ಬಿಟ್ಟಿ ಚಾಕರಿಗೂ ಅದೇ ಹೆಸರಿತ್ತು.

ಅದಕ್ಕೆ ಒಂದು ಕೋರಿಕೆ. ಮುಂದಿನ ಸಲ ನಿಮ್ಮೂರಿಗೆ ಹೋದಾಗ ಮೂರು ವಿಷಯ ಕೇಳಿ. ಆಶಾ ಕೇರಿಯೊಳಗೆ ಬಂದು ಮಗುವನ್ನ ಮುಟ್ಟಿ ನೋಡ್ತಾರಾ? ಕೇರಿಯ ಆಶಾನ ಯಾವ ಮನೆಯವರು ಹೊರಗೇ ನಿಲ್ಲಿಸ್ತಾರೆ? ಅವರ ಚೀಲದಲ್ಲಿ ಓಆರ್‌ಎಸ್, ಜಿಂಕ್ ಇದೆಯಾ, ಹಣ ಯಾವ ತಿಂಗಳವರೆಗೆ ಬಂದಿದೆ? ಉತ್ತರ ಬರ್ಕೊಳ್ಳಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಓದಿ. ಅಸ್ಪೃಶ್ಯತೆಯನ್ನ ಸಂವಿಧಾನದ 17ನೇ ವಿಧಿ ರದ್ದು ಮಾಡಿದೆ ಅನ್ನೋದನ್ನೂ ಅಲ್ಲೇ ಜೋರಾಗಿ ಹೇಳಿ.

ಜೈಭೀಮ್.