ಕಡಲಾಚೆ ಸೇರಿದ ರಟ್ಟಶಾಸನಗಳು

ಚಿತ್ರಕಾರ ಲೂಯಿಸ್, ಸಂಗೀತಕಾರ ಕೊರ್ನೇಲಿಯಸ್ ಅವರಂಥವರನ್ನು ಕೊಟ್ಟ ಜರ್ಮನಿಯ ಗುರ್ಲಿಟ್ ಮನೆತನದಲ್ಲಿಯೇ ನಾತ್ಸಿಗಳಿಗಾಗಿ ಕಲಾಕೃತಿಗಳ ವ್ಯಾಪಾರ ನಡೆಸಿದ ಹಿಲ್ಡೆಬ್ರಾಂಡನೂ ಹುಟ್ಟಿದ. 2012ರಲ್ಲಿ ಅವನ ಮಗನ ಮ್ಯೂನಿಕ್ ಮನೆಯಲ್ಲಿ ಸಾವಿರಕ್ಕೂ ಮಿಕ್ಕಿದ ಕೃತಿಗಳು ದೊರೆತವು. ಕಳೆದುಕೊಂಡವರ ವಾರಸುದಾರರು ಮುಂದೆ ಬಂದರು; ಕೆಲವು ಮರಳಿದವು.

ಕುಂಡಿ ಮೂರುಸಾಸಿರವನ್ನಾಳಿದ ರಟ್ಟರಿಗೆ ಅಂಥ ವಾರಸುದಾರರಿಲ್ಲ. ಅರಭಾವಿಯ ನೆರೆಯ ಗೋಕಾಕ ಸೀಮೆಯ ಕೊಣ್ಣೂರಿನಲ್ಲೂ ಅವರ ಕಾಲದ ಜೈನಶಾಸನ ದೊರೆತಿದೆ. ನಾಲ್ಕನೆಯ ಕಾರ್ತವೀರ್ಯನ ಸಚಿವ ಬೀಚಿರಾಜನು ಬೆಳಗಾವಿಯಲ್ಲಿ ರಟ್ಟಜಿನಾಲಯವನ್ನು ಕಟ್ಟಿಸಿದನು. ಅದಕ್ಕೆ 1204ರಲ್ಲಿ ಬಿಟ್ಟ ದತ್ತಿಯನ್ನು ಹೇಳುವ ಎರಡು ಶಿಲಾಶಾಸನಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಸ್ವತ್ತು. ಎಲ್. ಡಿ. ಬಾರ್ನೆಟ್ ಅವುಗಳ ಪಾಠವನ್ನು ಎಪಿಗ್ರಾಫಿಯಾ ಇಂಡಿಕಾದ 13ನೆಯ ಸಂಪುಟದಲ್ಲಿ ಪ್ರಕಟಿಸಿದ ಉಪಕಾರ ದೊಡ್ಡದು, ನಿಜ. ಆದರೆ ಪಾಠ ಬೇರೆ, ಕಲ್ಲು ಬೇರೆ. ರೂವಾರಿಯ ಕೈಯ ಅಂದವಾಗಲಿ, ಶಾಸನ ನಿಂತ ನೆಲೆಯಾಗಲಿ ಅಚ್ಚಿನ ಪುಟಕ್ಕೆ ಇಳಿಯುವಂಥದಲ್ಲ. ದತ್ತಿಯನ್ನು ಅಪಹರಿಸಿದವರಿಗೆ ಶಾಪ ಹಾಕುವುದು ದಾನಶಾಸನಗಳ ವಾಡಿಕೆ; ಕಲ್ಲನ್ನೇ ಒಯ್ಯುವವರೂ ಇದ್ದಾರೆಂದು ಆ ಕವಿಗಳು ಎಣಿಸಿರಲಾರರು!

ಬೆಳಗಾವಿಯ ಕೋಟೆಯೊಳಗೆ ಕಮಲಬಸದಿ ಇನ್ನೂ ನಿಂತಿದೆ. ರಟ್ಟರನ್ನು ಕುರಿತು ಸಂಶೋಧನೆಗೆ ತೊಡಗುವ ವಿದ್ಯಾರ್ಥಿಯು ಬಸದಿಯನ್ನು ಅಲ್ಲಿ ಕಂಡು, ರಟ್ಟಜಿನಾಲಯದ ಶಾಸನಗಳಿಗಾಗಿ ಲಂಡನ್ನಿಗೆ ಪತ್ರ ಬರೆಯಬೇಕು.