ತ್ಲಾಕೊಲುಲಾ ಸಂತೆಯ ಅರೆಯುವ ಕಲ್ಲು

ಮೆಕ್ಸಿಕೋ ಸಿಟಿಯಿಂದ ವಹಾಕಾ ನಗರಕ್ಕೆ ಬಸ್ಸಿನಲ್ಲಿ ಆರೇಳು ತಾಸಿನ ದಾರಿ. ಪುಯೆಬ್ಲಾ ದಾಟುವ ತನಕ ಮೋಡವಿಲ್ಲದಿದ್ದರೆ ಪೊಪೊಕಾಟೆಪೆಟ್ಲ್ ಜ್ವಾಲಾಮುಖಿ ಕಾಣುತ್ತದೆ. ಆಮೇಲೆ ಮನುಷ್ಯರಿಗಿಂತ ಎತ್ತರದ ಕಳ್ಳಿಗಳು ಬೆಳೆದು ನಿಂತ ಒಣ ಗುಡ್ಡಗಳು. ನೌಕರಿಗಾಗಿ ಮೆಕ್ಸಿಕೋ ಸಿಟಿಯಲ್ಲಿ ಮನೆ ಮಾಡಿದ ಮೇಲೆ, ಅಲ್ಲಿನ ಪಾತ್ರೆ ಅಂಗಡಿಗಳಲ್ಲಿ ಮೂರು ಕಾಲಿನ ಕಲ್ಲುಗಳು, ಅಂಚಿಲ್ಲದ ಮಣ್ಣಿನ ತಟ್ಟೆಗಳು, ಬಳೆ ತೊಟ್ಟ ಮರದ ಕೋಲುಗಳು ಕಣ್ಣಿಗೆ ಬೀಳುತ್ತಿದ್ದವು. ಯಾವುದು ಯಾತಕ್ಕೆ ಎಂದು ಕೇಳಿದರೆ ಪಕ್ಕದ ಮನೆಯವರು ಹೇಳಿದ್ದು ಒಂದೇ ಮಾತು: "ಇವನ್ನು ಬಳಸುವವರ ಕೈಯಲ್ಲೇ ನೋಡಬೇಕು. ವಹಾಕಾಕ್ಕೆ ಹೋಗಿ, ಭಾನುವಾರ ತ್ಲಾಕೊಲುಲಾ ಸಂತೆ ತಪ್ಪಿಸಬೇಡಿ."

ತ್ಲಾಕೊಲುಲಾ ವಹಾಕಾ ನಗರದಿಂದ ಸುಮಾರು 30 ಕಿಲೋಮೀಟರ್ ಪೂರ್ವಕ್ಕಿದೆ. ಭಾನುವಾರ ಬೆಳಗಾದರೆ ಸುತ್ತಲಿನ ಹಳ್ಳಿಗಳ ಜಾಪೊಟೆಕ್ ಜನ ಇಲ್ಲಿಗೆ ಬಂದು ಸೇರುತ್ತಾರೆ. ಊರಿನ ಬೀದಿಗಳೇ ಸಂತೆ. ಬಣ್ಣದ ವಸ್ತ್ರವನ್ನು ತಲೆಗೆ ಸುತ್ತಿಕೊಂಡ ಹೆಂಗಸರು ಕೋಳಿ, ಸೊಪ್ಪು, ಕೋಕೋ ಬೀಜ ಹರಡಿಕೊಂಡು ಕೂತಿರುತ್ತಾರೆ. ಒಣಮೆಣಸಿನಕಾಯಿಯ ರಾಶಿಗಳ ಮುಂದೆ ನನ್ನ ಕಾಲು ತಾನಾಗಿ ನಿಂತಿತು. ನಾನು ಹುಟ್ಟಿ ಬೆಳೆದದ್ದು ಹಾವೇರಿ ಜಿಲ್ಲೆಯಲ್ಲಿ, ಬ್ಯಾಡಗಿ ಪೇಟೆಯ ಘಾಟು ಮೂಗಿಗೆ ಗೊತ್ತು.

ಕಲ್ಲು ಮಾರುವವರು ಸಂತೆಯ ಒಂದು ಬದಿಗೆ ಇದ್ದರು. 'ಮೆತಾತೆ' ಎಂದರೆ ಮೂರು ಕಾಲಿನ, ಮುಂದಕ್ಕೆ ಇಳಿಜಾರಾದ ಕಪ್ಪುಬೂದು ಕಲ್ಲಿನ ಹಲಗೆ. ಎರಡೂ ಕೈಯಲ್ಲಿ ಹಿಡಿಯುವ ಉದ್ದನೆಯ ಗುಂಡು ಅದರ ಜೋಡಿ. ಕೆಲವು ಕಲ್ಲುಗಳಿಗೆ ಗುಲಾಬಿ, ಹಸಿರು ಬಣ್ಣದ ಹೂ ಬರೆದಿದ್ದರು. ಅವು ಮದುಮಗಳಿಗೆ ಕೊಡುವ ಉಡುಗೊರೆ. ಮೂರೇ ಕಾಲು ಏಕೆಂದರೆ ಮಣ್ಣಿನ ನೆಲ ಎಷ್ಟೇ ತಗ್ಗುದಿಣ್ಣೆ ಇದ್ದರೂ ಮೂರು ಕಾಲಿನದು ಅಲುಗಾಡುವುದಿಲ್ಲ. ಕೋಕೋ ಅರೆಯುವಾಗ ಆ ಕಾಲುಗಳ ನಡುವೆ ಕೆಂಡ ಇಡುತ್ತಾರೆ. ಕಲ್ಲು ಬೆಚ್ಚಗಾಗಿ ಬೀಜದ ಕೊಬ್ಬು ಕರಗುತ್ತದೆ, ಪುಡಿಯಾಗಬೇಕಾದದ್ದು ನುಣ್ಣನೆಯ ಮುದ್ದೆಯಾಗಿ ಇಳಿಯುತ್ತದೆ.

ಕಲ್ಲಿನ ಪಕ್ಕದಲ್ಲಿ ಚಾಪೆ ಹಾಸಿಕೊಂಡಿದ್ದ ಹಿರಿಯ ಹೆಂಗಸು ಮೊಣಕಾಲೂರಿ ಕೂತು, ಬೇಯಿಸಿದ ಮೆಕ್ಕೆಜೋಳದ ಹಿಡಿಯೊಂದನ್ನು ಕಲ್ಲಿನ ಮೇಲ್ತುದಿಗೆ ಹಾಕಿಕೊಂಡರು. ಗುಂಡನ್ನು ಮುಂದಕ್ಕೆ ತಳ್ಳಿದಾಗ ಕಾಳು ಒಡೆಯಿತು, ಹಿಂದಕ್ಕೆ ಎಳೆದು ಮತ್ತೆ ತಳ್ಳಿದಾಗ ನುರಿಯಿತು. ಮೂರು ನಾಲ್ಕು ಎಳೆತಕ್ಕೆ ಹಳದಿ ಹಿಟ್ಟು ಕೆಳಗಿನ ಬೋಗುಣಿಗೆ ಸುರುಳಿಯಾಗಿ ಜಾರಿತು. ನನ್ನನ್ನೂ ಕೂರಿಸಿದರು. "ತೋಳಿನಿಂದಲ್ಲ ಮಗಳೇ, ಸೊಂಟದಿಂದ ತಳ್ಳು" ಎಂದರು. ಇಳಿಜಾರಿನ ಅರ್ಥ ಆಗ ತಿಳಿಯಿತು. ಅರೆಯುವವರ ಮೈಭಾರವೇ ಗುಂಡನ್ನು ಮುಂದೊತ್ತಲಿ ಎಂದು ಕಲ್ಲನ್ನು ಹಾಗೆ ಕಡೆದಿದ್ದಾರೆ. ಹೊಸ ಕಲ್ಲು ಕೊಂಡವರು ಮೊದಲು ಒಣ ಜೋಳವನ್ನೋ ಅಕ್ಕಿಯನ್ನೋ ಅರೆದು ಚೆಲ್ಲಬೇಕು. ಪುಡಿಯಲ್ಲಿ ಕಲ್ಲಿನ ಬೂದುಬಣ್ಣ ಕಾಣದಾದ ಮೇಲೆ ಅಡುಗೆಗೆ ಸೈ ಎಂದೂ ಅವರೇ ಹೇಳಿಕೊಟ್ಟರು.

ಕಲ್ಲಿಗೆ ಬೀಳುವ ಮುಂಚೆ ಜೋಳಕ್ಕೆ ಒಂದು ಸಂಸ್ಕಾರವಿದೆ. ಕಿಲೋ ಕಾಳಿಗೆ ಸುಮಾರು 10 ಗ್ರಾಂ ಸುಣ್ಣ ಹಾಕಿ ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ತಿಕ್ಕಿ ತೊಳೆಯುತ್ತಾರೆ. ಸಿಪ್ಪೆ ಬಿಡುತ್ತದೆ, ಹಿಟ್ಟಿಗೆ ಜಿಗುಟು ಬರುತ್ತದೆ. ಮುಖ್ಯವಾಗಿ, ಜೋಳದೊಳಗೆ ದೇಹಕ್ಕೆ ದಕ್ಕದಂತೆ ಕಟ್ಟಿಕೊಂಡಿರುವ ನಯಾಸಿನ್ ಎಂಬ ಜೀವಸತ್ವ ಬಿಡುಗಡೆಯಾಗುತ್ತದೆ. ಕೊಲಂಬಸ್‌ನ ಕಾಲದಿಂದ ಮೆಕ್ಕೆಜೋಳ ಯುರೋಪಿಗೆ ಹೋಯಿತು, ಆದರೆ ಈ ಸುಣ್ಣದ ಪದ್ಧತಿ ಹೋಗಲಿಲ್ಲ. ಬರೀ ಜೋಳವನ್ನೇ ನಂಬಿದ ಸ್ಪೇನ್, ಇಟಲಿಯ ಬಡವರಲ್ಲಿ ಚರ್ಮ ಸುಲಿಯುವ, ಭೇದಿಯಿಂದ ನರಳಿಸಿ ಬುದ್ಧಿ ಕೆಡಿಸುವ ಪೆಲ್ಲಾಗ್ರ ಕಾಣಿಸಿಕೊಂಡಿತು. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪಾರ್ ಕಸಾಲ್ ಆ ರೋಗದ ಲಕ್ಷಣಗಳನ್ನು ಬರೆದಿಟ್ಟ. ಜೋಳವನ್ನೇ ಉಂಡು ಬೆಳೆದ ಮೆಕ್ಸಿಕೋದ ಹಳ್ಳಿಗಳನ್ನು ಅದರಿಂದ ಕಾಪಾಡಿದ್ದು ಸುಣ್ಣದ ನೀರಿನ ಈ ಗಡಿಗೆ.

ಅದೇ ಸುಣ್ಣ 'ಕೊಮಾಲ್'ಗೂ ಬೇಕು. ಇದು ಒಲೆಯ ಮೇಲಿಡುವ ಮಣ್ಣಿನ ಹಂಚು. ಸುಣ್ಣದ ತಿಳಿಯನ್ನು ಸವರಿ ಕಾಯಿಸಿದರೆ ತೋರ್ತಿಯಾ ಎಂಬ ಜೋಳದ ರೊಟ್ಟಿ ಅಂಟದೆ ಏಳುತ್ತದೆ, ಎಣ್ಣೆಯ ಗೊಡವೆಯಿಲ್ಲ. ಸಂತೆಗೆ ಕೆಂಪು ಕೊಮಾಲ್‌ಗಳನ್ನು ತರುವವರು ಹತ್ತಿರದ ಸಾನ್ ಮಾರ್ಕೋಸ್ ತ್ಲಾಪಸೋಲಾ ಊರಿನ ಹೆಂಗಸರು. ಅವರು ತಿಗರಿಯಿಲ್ಲದೆ, ಬರಿಗೈಯಲ್ಲೇ ಮಣ್ಣನ್ನು ರೂಪಿಸುತ್ತಾರೆ.

ಬಳೆ ತೊಟ್ಟ ಕೋಲಿನ ಹೆಸರು 'ಮೊಲಿನಿಯೊ'. ಬಿಸಿ ಚಾಕೊಲೇಟಿನ ಹೂಜಿಯೊಳಗೆ ಇಳಿಬಿಟ್ಟು ಎರಡು ಅಂಗೈ ನಡುವೆ ತಿರುವಿದರೆ ಮೇಲೆ ದಪ್ಪ ನೊರೆ ಏಳುತ್ತದೆ, ನಮ್ಮ ಕೈಕಡಗೋಲಿನಿಂದ ಮಜ್ಜಿಗೆ ಕಡೆದ ಹಾಗೆಯೇ. ಕೋಲಿನ ಸುತ್ತ ಸಡಿಲವಾಗಿ ತಿರುಗುವ ಬಳೆಗಳನ್ನು ಬೇರೆ ಮಾಡಿ ತೊಡಿಸಿಲ್ಲ, ಅದೇ ಮರದ ತುಂಡಿನಿಂದ ಕಡೆದು ಬಿಡಿಸಿದ್ದಾರೆ. ಸ್ಪೇನಿನವರು ಬರುವ ಮೊದಲು ಚಾಕೊಲೇಟನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿದು ನೊರೆ ಬರಿಸುತ್ತಿದ್ದರು. ಕೋಲು ಆಮೇಲೆ ಬಂತು, ನೊರೆಯ ಆಸೆ ಮಾತ್ರ ಹಳೆಯದು.

ಮಧ್ಯಾಹ್ನ ಮಿತ್ಲಾ ಎಂಬ ಊರಿನ ಕಡೆಗೆ ಹೊರಟೆ. ದಾರಿಯ ಬದಿಯ ಗುಡ್ಡಗಳಲ್ಲಿ ಗಿಲಾ ನಾಕಿಟ್ಜ್ ಎಂಬ ಗುಹೆಯಿದೆ. ಅಲ್ಲಿ ಸಿಕ್ಕಿದ ಕುಂಬಳಜಾತಿಯ ಬೀಜಗಳು ಸುಮಾರು 10,000 ವರ್ಷದಷ್ಟು ಹಳೆಯವು, ಜೋಳದ ತೆನೆಯ ತುಣುಕುಗಳು 6,000 ವರ್ಷಕ್ಕೂ ಹಿಂದಿನವು. ಯುನೆಸ್ಕೊ 2010ರಲ್ಲಿ ಈ ಗುಹೆಯಿರುವ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಗೂ ಅದೇ ವರ್ಷ ಮನ್ನಣೆ ಕೊಟ್ಟಿತು. ಆ ಗುಡ್ಡಗಳನ್ನು ನೋಡುತ್ತಾ ನಮ್ಮ ಹಾವೇರಿಯ ಹೊಲಗಳನ್ನು ನೆನೆದೆ. ಅಲ್ಲಿನ ಗೋವಿನಜೋಳ, ಬ್ಯಾಡಗಿಯ ಮೆಣಸಿನಕಾಯಿ ಎರಡರ ಮೂಲವೂ ಈ ನಾಡು. ಮೆಣಸಿನಕಾಯಿಯನ್ನು ಪೋರ್ಚುಗೀಸರು ನಮ್ಮ ಕರಾವಳಿಗೆ ತಂದಾಗ ಅದನ್ನು ಅರೆಯಲು ನಮ್ಮ ಮನೆಗಳಲ್ಲಿ ಕಲ್ಲು ಸಿದ್ಧವಾಗಿತ್ತು, ಅದು ನಮ್ಮದೇ ಆಗಿಹೋಯಿತು.

ಬೀಜ ಸಮುದ್ರ ದಾಟುವುದು ಸುಲಭ. ಅದನ್ನು ಹದಗೊಳಿಸುವ ತಿಳಿವಳಿಕೆ ಕಲ್ಲು, ಹಂಚು, ಗಡಿಗೆಗಳ ಜೊತೆ ಊರಿನಲ್ಲೇ ಉಳಿದುಬಿಡುತ್ತದೆ, ಅದನ್ನು ಬಲ್ಲ ಹೆಂಗಸರನ್ನು ಯಾರೂ ಕೇಳದಿದ್ದರೆ. ಪರದೇಶದಲ್ಲಿ ಮನೆ ಮಾಡಿದವರು ಅಲ್ಲಿನ ಪಾತ್ರೆ ಬೀದಿಗೆ ಹೋಗಲೇಬೇಕು. ಗೊತ್ತಿಲ್ಲದ ವಸ್ತು ಕಂಡರೆ ಬೆಲೆ ಕೇಳುವ ಮೊದಲು ಬಳಸುವ ಬಗೆ ಕೇಳಿ, ಸಾಧ್ಯವಾದರೆ ಕೂತು ಒಂದು ಹಿಡಿ ಅರೆದು ನೋಡಿ. ಊರಿಗೆ ಬಂದಾಗ ನಿಮ್ಮ ಹಿತ್ತಲಲ್ಲಿ ಬಿದ್ದಿರುವ ಒರಳಿನ ಬಗ್ಗೆಯೂ ಮನೆಯ ಹಿರಿಯರನ್ನು ಹಾಗೆಯೇ ಕೇಳಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.