ಬಿಸಿಲಿನ ಪಥ್ಯ

ಮದ್ದು ಎಂದ ಮೇಲೆ ಪಥ್ಯ ಇದ್ದದ್ದೇ. ಹುಳಿ ಬೇಡ, ಬದನೆಕಾಯಿ ಬೇಡ, ಕರಿದದ್ದು ಬೇಡ ಎಂಬ ಪಂಡಿತರ ಮಾತನ್ನು ರೋಗಿ ಗೊಣಗುತ್ತಲಾದರೂ ಪಾಲಿಸುತ್ತಾನೆ. ಆದರೆ ಬಿಸಿಲಿಗೇ ಪಥ್ಯ ಹೇಳುವ ಔಷಧಿಯೊಂದಿದೆ. ವಿಚಿತ್ರವೆಂದರೆ, ಅದು ಕೆಲಸ ಮಾಡುವುದೂ ಬೆಳಕಿನಿಂದಲೇ.

ಜರ್ಮನಿಯ ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಎಂಬ ವೈದ್ಯಕೀಯ ವಿದ್ಯಾರ್ಥಿ ಆಕ್ರಿಡಿನ್ ಎಂಬ ಬಣ್ಣ ಬೆರೆಸಿದ ನೀರಿನಲ್ಲಿ ಪ್ಯಾರಾಮೀಸಿಯಂ ಎಂಬ ಸೂಕ್ಷ್ಮಜೀವಿಗಳು ಎಷ್ಟು ಹೊತ್ತಿಗೆ ಸಾಯುತ್ತವೆಂದು ಲೆಕ್ಕ ಹಾಕುತ್ತಿದ್ದ. ಬಣ್ಣ ಅಷ್ಟೇ, ನೀರು ಅಷ್ಟೇ. ಆದರೂ ಒಂದು ದಿನ ಬೇಗ ಸತ್ತವು, ಇನ್ನೊಂದು ದಿನ ತಡವಾಗಿ. ವ್ಯತ್ಯಾಸವಿದ್ದದ್ದು ಅವುಗಳ ಮೇಲೆ ಬಿದ್ದ ಬೆಳಕಿನಲ್ಲಿ. 1900ರಲ್ಲಿ ಈ ಸಂಗತಿ ಪ್ರಕಟವಾಯಿತು. ಮೂರೇ ವರ್ಷಗಳಲ್ಲಿ ಅವನ ಗುರು ಟಾಪೈನರ್ ಚರ್ಮದ ಕ್ಯಾನ್ಸರಿಗೆ ಇಯೋಸಿನ್ ಬಣ್ಣ ಹಚ್ಚಿ, ಬೆಳಕು ಹಾಯಿಸಿ ನೋಡಿದರು.

ಪಥ್ಯದ ಕಷ್ಟ ಗೊತ್ತಾದದ್ದು 1912ರಲ್ಲಿ. ಫ್ರೀಡ್ರಿಕ್ ಮೇಯರ್-ಬೆಟ್ಸ್ ಎಂಬ ವೈದ್ಯ, ರಕ್ತದ ಕೆಂಪಿನಿಂದ ತಯಾರಾದ ಹೆಮಟೊಪಾರ್ಫಿರಿನ್ನನ್ನು 200 ಮಿಲಿಗ್ರಾಂನಷ್ಟು ತನಗೇ ಚುಚ್ಚಿಕೊಂಡ. ಬಿಸಿಲು ತಾಕಿದ್ದೇ ತಡ, ಮುಖ ಗುರುತು ಸಿಗದಷ್ಟು ಊದಿಕೊಂಡಿತು. ಬಿಸಿಲು ಮೈಗೆ ಒಗ್ಗಲು ಎರಡು ತಿಂಗಳಿಗೂ ಹೆಚ್ಚು ಬೇಕಾಯಿತು.

ಇಂಥ ಬಣ್ಣ ಬೆಳಕನ್ನು ಹೀರಿ, ಅದರ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಕೆರಳಿದ ಆಮ್ಲಜನಕದ ಆಯುಷ್ಯ ಸೆಕೆಂಡಿನ ಲಕ್ಷಾಂತರ ಭಾಗಗಳಲ್ಲೊಂದರಷ್ಟು. ಅಷ್ಟರಲ್ಲಿ ಕೈಗೆ ಸಿಕ್ಕ ಜೀವಕೋಶವನ್ನು ಅದು ಸುಡುತ್ತದೆ. ಬೆಳಕು ಬಿದ್ದಲ್ಲಿ ಮಾತ್ರ ಬೇಟೆ.

ಈ ಜಾತಿಯ ಫೋಟೊಫ್ರಿನ್ ಔಷಧಿಗೆ ಅಮೆರಿಕದಲ್ಲಿ 1995ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಕ್ಯಾನ್ಸರ್ ಗೆಡ್ಡೆಯಿಂದ ಅನ್ನನಾಳ ಕಟ್ಟಿಕೊಂಡವರಿಗಾಗಿ. ಗಂಟಲಲ್ಲಿ ಗುಟುಕು ಗಂಜಿ ಇಳಿಯುವುದೇ ಅವರಿಗೆ ದೊಡ್ಡ ಮಾತು. ಆದರೆ ಔಷಧಿ ಚರ್ಮದಲ್ಲೂ ತಂಗುವುದರಿಂದ ಕನಿಷ್ಠ 30 ದಿನ ಬಿಸಿಲಿಗೆ ಹೋಗುವಂತಿಲ್ಲ. ಕತ್ತಲಕೋಣೆಯ ವಾಸವೇನೂ ಬೇಡ, ಮನೆಯೊಳಗಿನ ಮಂದ ಬೆಳಕು ಒಳ್ಳೆಯದೇ. ಆದರೂ ಉಳಿದ ದಿನಗಳನ್ನು ಎಣಿಸುವವರಿಗೆ ಒಂದು ತಿಂಗಳೆಂದರೆ ಸಣ್ಣದೇ?

ಇದಕ್ಕೆ ವಿಜ್ಞಾನಿಗಳು ಹುಡುಕುತ್ತಿರುವ ಉಪಾಯಗಳಲ್ಲೊಂದು, ಔಷಧಿಯನ್ನು ಪೊಟ್ಟಣ ಕಟ್ಟಿ ಕಳಿಸುವುದು. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ ಒಂದು ನ್ಯಾನೊಮೀಟರ್. ಪೊಟ್ಟಣದ ಗಾತ್ರ ಅಂಥ ನೂರಿನ್ನೂರು. ಕಟ್ಟಲು ಬಳಸುವ ಪಿ.ಎಲ್.ಜಿ.ಎ. ಹೊಸತಲ್ಲ, ತಾನೇ ಕರಗುವ ಹೊಲಿಗೆದಾರದ ಜಾತಿಯದೇ. ನೀರಿನಲ್ಲಿ ಗಂಟುಗಟ್ಟುವ ಬಣ್ಣ ಇದರೊಳಗೆ ಬಿಡಿಬಿಡಿಯಾಗಿ ಕೂರುತ್ತದೆ. ಗೆಡ್ಡೆಯ ರಕ್ತನಾಳಗಳು ಸೋರುವ ಕಡೆ ಪೊಟ್ಟಣ ಒಳಕ್ಕೆ ನುಸುಳುತ್ತದೆ. ಕೆಲಸ ಮುಗಿದ ಮೇಲೆ ಅದು ಲ್ಯಾಕ್ಟಿಕ್, ಗ್ಲೈಕಾಲಿಕ್ ಆಮ್ಲಗಳಾಗಿ ಒಡೆದು, ಕೊನೆಗೆ ನೀರು, ಇಂಗಾಲದ ಡೈ ಆಕ್ಸೈಡ್ ಆಗಿ ಹೊರಬೀಳುತ್ತದೆ.

ಇಲಿಗಳಲ್ಲಿ ಗೆದ್ದದ್ದೆಲ್ಲ ಮನುಷ್ಯರಲ್ಲಿ ಗೆಲ್ಲುವುದಿಲ್ಲ. ಎಲ್ಲರ ಗೆಡ್ಡೆಯೂ ಒಂದೇ ರೀತಿ ಸೋರುವುದಿಲ್ಲ. ಕೆಂಪು ಬೆಳಕೂ ಮಾಂಸದೊಳಗೆ ಒಂದು ಸೆಂಟಿಮೀಟರ್ ಇಳಿದರೆ ಹೆಚ್ಚು. ಆದರೆ ಆಸೆಗೆ ಆಧಾರವಿಲ್ಲದಿಲ್ಲ. ಕಣ್ಣಿನ ಕಾಯಿಲೆಗೆಂದು 2000ದಲ್ಲಿ ಬಂದ ವರ್ಟೆಪಾರ್ಫಿನ್ ಬೇರೆಯೇ ಬಣ್ಣ. ಅದು ಬಂದದ್ದು ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ. ಅದರ ಪಥ್ಯ ಐದೇ ದಿನ.

ಗೆಡ್ಡೆ ಕರಗಿತೇ ಎಂಬುದು ವೈದ್ಯರ ಲೆಕ್ಕ. ಜಗಲಿಯ ಎಳೆಬಿಸಿಲಲ್ಲಿ ಕೂತು ಬೀದಿ ನೋಡುವುದು ಯಾವಾಗ ಎಂಬುದು ರೋಗಿಯ ಲೆಕ್ಕ. ಕರಗುವ ಪೊಟ್ಟಣದ ಬೆಲೆ ಕಟ್ಟುವಾಗ ಈ ಎರಡನೆಯ ಲೆಕ್ಕವನ್ನೂ ಸೇರಿಸಬೇಕು.